ಹಳೆಯ ನಾಣ್ಯಗಳ ಗುರುತು: ತಕ್ಕಡಿಯಿಂದ ಅಕ್ಷರದವರೆಗೆ

ಜಿಲ್ಲಾ ಮಟ್ಟದ ವಸ್ತುಸಂಗ್ರಹಾಲಯಗಳಿಗೆ ಹೋದವರು ವೀರಗಲ್ಲುಗಳ ಮುಂದೆಯೂ ವಿಗ್ರಹಗಳ ಮುಂದೆಯೂ ನಿಲ್ಲುವಷ್ಟು ಹೊತ್ತು ನಾಣ್ಯಗಳ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುವುದಿಲ್ಲ. ಬೆರಳಿನ ಉಗುರಿನಷ್ಟು ಚಿಕ್ಕದಾದ, ಕಪ್ಪಡರಿದ ಬಿಲ್ಲೆಗಳು. ಪಕ್ಕದಲ್ಲಿ 'ಪ್ರಾಚೀನ ನಾಣ್ಯಗಳು, ತಾಮ್ರ' ಎಂಬಷ್ಟೇ ಬರಹವುಳ್ಳ ಚೀಟಿ. ಪ್ರದರ್ಶನಕ್ಕೆ ಬಾರದೆ ಕಪಾಟಿನೊಳಗೇ ಉಳಿದಿರುವ ನಾಣ್ಯಗಳು ಸಾಮಾನ್ಯವಾಗಿ ಇವುಗಳಿಗಿಂತ ಹೆಚ್ಚು. ಅವುಗಳ ದಾಖಲೆ ಪುಸ್ತಕವನ್ನು ತೆರೆದರೆ ವಿವರಣೆಯ ಅಂಕಣದಲ್ಲಿ ಮತ್ತೆ ಮತ್ತೆ ಎದುರಾಗುವ ಪದ 'ಅಸ್ಪಷ್ಟ'.

ವರ್ತಕರ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಇದು ಖಾತೆಗೆ ಏರಿಸದೆ ಬಿಟ್ಟ ಜಮೆ. ಹಣ ಬಂದಿರುವುದು ನಿಜ. ಯಾರಿಂದ, ಯಾವಾಗ, ಯಾವ ಬಾಬ್ತಿಗೆ ಎಂಬುದು ಗೊತ್ತಿಲ್ಲ. ಕರ್ನಾಟಕದ ಪ್ರಾಚೀನ ವ್ಯಾಪಾರದ ಬಗ್ಗೆ ಶಾಸನಗಳು ಹೇಳುವುದು ಬಹುಮಟ್ಟಿಗೆ ದಾನ, ಸುಂಕ ಮತ್ತು ಶ್ರೇಣಿಗಳ ಸಂಗತಿಯನ್ನು. ಸಂತೆಯಲ್ಲಿ ದಿನನಿತ್ಯ ಕೈ ಬದಲಾಯಿಸಿದ ಹಣದ ಸಾಕ್ಷ್ಯ ಉಳಿದಿರುವುದು ಈ ಬಿಲ್ಲೆಗಳಲ್ಲಿಯೇ. ಒಂದು ಸೀಸದ ನಾಣ್ಯವನ್ನು ತಪ್ಪು ಅರಸನ ಹೆಸರಿಗೆ ಬರೆದರೆ ಒಂದು ಮಾರುಕಟ್ಟೆಯೇ ತಪ್ಪು ರಾಜ್ಯಕ್ಕೆ ಸೇರಿಹೋಗುತ್ತದೆ. ಆದುದರಿಂದ ನಾಣ್ಯವನ್ನು ಗುರುತಿಸುವ ಕ್ರಮವನ್ನು, ನಮ್ಮ ನಾಡಿನಲ್ಲಿ ದೊರೆತ ನಾಣ್ಯಗಳ ಉದಾಹರಣೆಯೊಂದಿಗೆ, ತಿಳಿದುಕೊಳ್ಳುವುದು ವಾಣಿಜ್ಯ ಕ್ಷೇತ್ರದವರಿಗೂ ಉಪಯುಕ್ತವಾದುದೇ ಆಗಿದೆ.

ಮೊದಲು ತಕ್ಕಡಿ

ನಾಣ್ಯವನ್ನು ಕೈಗೆತ್ತಿಕೊಂಡ ಕೂಡಲೇ ಅಕ್ಷರ ಓದಲು ತೊಡಗುವುದು ಹೊಸಬರ ರೂಢಿ. ಅನುಭವಿಗಳು ಮೊದಲು ತೂಗುತ್ತಾರೆ. ಹಿಂದಿನ ಕಾಲದ ಚಿನಿವಾರನೂ ಮಾಡುತ್ತಿದ್ದುದು ಇದನ್ನೇ. ಅರಸನ ಹೆಸರು ಅವನಿಗೆ ಎರಡನೆಯ ವಿಷಯ. ಲೋಹ ಯಾವುದು, ತೂಕ ಎಷ್ಟು ಎಂಬುದು ಮೊದಲನೆಯದು. ಒಂದು ಕಾಲದ ಟಂಕಸಾಲೆ ಒಂದು ತೂಕದ ಕಟ್ಟಳೆಗೆ ಒಳಪಟ್ಟು ಕೆಲಸ ಮಾಡುತ್ತಿದ್ದುದರಿಂದ ತೂಕವೇ ಅನೇಕ ವೇಳೆ ನಾಣ್ಯದ ಕುಲವನ್ನು ತಿಳಿಸಿಬಿಡುತ್ತದೆ.

ವಿಜಯನಗರದ ವರಹದ ತೂಕ ಸುಮಾರು 3.4 ಗ್ರಾಂ. ಪ್ರತಾಪ ಅದರ ಅರ್ಧ, ಅಂದರೆ 1.7 ಗ್ರಾಂ. ಹಣವೆಂಬ ಚಿಕ್ಕ ಚಿನ್ನದ ನಾಣ್ಯ ಸುಮಾರು ಅದರ ಹತ್ತನೆಯ ಒಂದು ಪಾಲು, ಗ್ರಾಮಿನ ಮೂರನೆಯ ಒಂದು ಭಾಗದಷ್ಟು. ಹೀಗಾಗಿ ನೂರನೆಯ ಒಂದು ಗ್ರಾಮನ್ನು ತೋರಿಸಬಲ್ಲ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ. ಹೊಯ್ಸಳರ ಚಿನ್ನದ ನಾಣ್ಯಗಳು ಇದಕ್ಕಿಂತ ಭಾರ, ಸುಮಾರು 4 ಗ್ರಾಂ. ಅತ್ತ ಕ್ರಿಸ್ತಪೂರ್ವ ಕಾಲದ ಬೆಳ್ಳಿಯ ಕಾರ್ಷಾಪಣದ ತೂಕ 32 ಗುಲಗಂಜಿ ಎಂದು ಲೆಕ್ಕ, ಅದೂ 3.4 ಗ್ರಾಮಿನ ಆಸುಪಾಸಿಗೆ ಬರುತ್ತದೆ. ಸಾವಿರದ ಐನೂರು ವರ್ಷಗಳಿಗೂ ಹೆಚ್ಚಿನ ಅಂತರವುಳ್ಳ ಎರಡು ನಾಣ್ಯಗಳು ಒಂದೇ ತೂಕಕ್ಕೆ ಬಂದು ನಿಲ್ಲುವುದು ಕುತೂಹಲದ ಸಂಗತಿಯೇ. ಆದರೆ ಇದರಿಂದ ತಿಳಿಯಬೇಕಾದುದೇನೆಂದರೆ, ತೂಕವನ್ನು ಲೋಹದ ಜೊತೆಯಲ್ಲಿಟ್ಟು ನೋಡದಿದ್ದರೆ ಅದು ದಾರಿ ತಪ್ಪಿಸುತ್ತದೆ ಎಂಬುದು.

ಲೋಹವನ್ನು ತಿಳಿಯಲು ಒರೆಗಲ್ಲಿನ ಉಪಯೋಗ ಸಂಗ್ರಹಾಲಯದಲ್ಲಿ ಸಲ್ಲದು. ಒರೆ ಹಚ್ಚಿದಷ್ಟೂ ನಾಣ್ಯ ಸವೆಯುತ್ತದೆ. ಅದರ ಬದಲು ನೀರಿನಲ್ಲಿ ತೂಗುವ ಹಳೆಯ ವಿಧಾನವಿದೆ. 3.40 ಗ್ರಾಂ ತೂಗುವ ವರಹವನ್ನು ನೂಲಿನಿಂದ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ 0.20 ಗ್ರಾಂ ಕಡಿಮೆಯಾಯಿತೆಂದು ಭಾವಿಸಿದರೆ, 3.40ನ್ನು 0.20ರಿಂದ ಭಾಗಿಸಿದಾಗ 17 ಬರುತ್ತದೆ. ಶುದ್ಧ ಚಿನ್ನದ ಸಾಂದ್ರತೆ 19.3, ಬೆಳ್ಳಿಯದು 10.5, ತಾಮ್ರದ್ದು ಸುಮಾರು 9. ಆದುದರಿಂದ 17 ಬಂದ ನಾಣ್ಯದಲ್ಲಿ ಬೆರಕೆ ಬೆಳ್ಳಿಯಾಗಿದ್ದರೆ ಚಿನ್ನದ ಪ್ರಮಾಣ ಶೇಕಡಾ 84ರಷ್ಟು, ತಾಮ್ರವಾಗಿದ್ದರೆ ಶೇಕಡಾ 88ರಷ್ಟು ಇರುತ್ತದೆ. ಅದೇ ನಾಣ್ಯ ನೀರಿನಲ್ಲಿ 0.32 ಗ್ರಾಂ ಕಳೆದುಕೊಂಡರೆ ಅದು ಚಿನ್ನದ ಮುಲಾಮು ಹಚ್ಚಿದ ಬೆಳ್ಳಿ ಎಂದು ತಿಳಿಯಬೇಕು. ಚಿಕ್ಕ ಹಣದ ಮಟ್ಟಿಗೆ ಈ ಲೆಕ್ಕ ನಂಬಲರ್ಹವಲ್ಲ. ತಕ್ಕಡಿಯ ಸಣ್ಣ ತಪ್ಪೂ ಅಲ್ಲಿ ದೊಡ್ಡದಾಗಿಬಿಡುತ್ತದೆ. ಇತ್ತೀಚೆಗೆ ಕ್ಷ-ಕಿರಣದಿಂದ ಲೋಹವನ್ನು ಅಳೆಯುವ ಕೈಯಂತ್ರಗಳು ಆಭರಣದ ಅಂಗಡಿಗಳವರೆಗೂ ಬಂದಿವೆ. ಅವು ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತವೆಂಬುದು ನಿಜವಾದರೂ ಆ ಉತ್ತರ ನಾಣ್ಯದ ಮೇಲ್ಮೈಗೆ ಮಾತ್ರ ಸಂಬಂಧಿಸಿದ್ದು. ಶತಮಾನಗಳ ಕಾಲ ಮಣ್ಣಿನಲ್ಲಿದ್ದ ನಾಣ್ಯದ ಮೇಲ್ಪದರದಿಂದ ತಾಮ್ರವು ಕರಗಿಹೋಗಿ, ಒಳಗಿರುವುದಕ್ಕಿಂತ ಹೆಚ್ಚಿನ ಬೆಳ್ಳಿ ಅಥವಾ ಚಿನ್ನ ಇದ್ದಂತೆ ತೋರುವುದುಂಟು. ನೀರಿನ ತಕ್ಕಡಿ ಹಾಗೆ ಮೋಸಹೋಗುವುದಿಲ್ಲ.

ಅಕ್ಷರವಿಲ್ಲದ ಬೆಳ್ಳಿ

ನಮ್ಮ ದೇಶದ ಅತ್ಯಂತ ಹಳೆಯ ನಾಣ್ಯಗಳಲ್ಲಿ ಓದಲು ಅಕ್ಷರವೇ ಇಲ್ಲ. ಬೆಳ್ಳಿಯ ತಗಡನ್ನು ತುಂಡರಿಸಿ, ತೂಕಕ್ಕೆ ಸರಿಹೊಂದುವಂತೆ ಮೂಲೆಗಳನ್ನು ಕತ್ತರಿಸಿ, ಒಂದು ಮುಖದ ಮೇಲೆ ಬಿಡಿಬಿಡಿಯಾಗಿ ಮುದ್ರೆಗಳನ್ನು ಒತ್ತಿ ಇವುಗಳನ್ನು ತಯಾರಿಸುತ್ತಿದ್ದರು. ಮೌರ್ಯರ ಕಾಲದಲ್ಲಿ ವ್ಯಾಪಕವಾಗಿ ಚಲಾವಣೆಯಲ್ಲಿದ್ದ ಬಗೆಯಲ್ಲಿ ಐದು ಮುದ್ರೆಗಳಿರುತ್ತವೆ. ಸೂರ್ಯ ಹಾಗೂ ಆರು ಕೈಗಳುಳ್ಳ ಒಂದು ಚಿಹ್ನೆ ಅವುಗಳಲ್ಲಿ ಸಾಮಾನ್ಯ. ಉಳಿದ ಮುದ್ರೆಗಳ ಜೋಡಣೆಯನ್ನು ನೋಡಿ ವಿದ್ವಾಂಸರು ಈ ನಾಣ್ಯಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ. ಐದೂ ಮುದ್ರೆಗಳು ಒಂದೇ ನಾಣ್ಯದಲ್ಲಿ ಪೂರ್ತಿಯಾಗಿ ಬೀಳುವುದು ಅಪರೂಪವಾದ್ದರಿಂದ ನಾಣ್ಯವನ್ನು ತಿರುಗಿಸುತ್ತಾ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಚಿತ್ರಿಸಿಕೊಳ್ಳಬೇಕು. ಹಿಂಭಾಗದಲ್ಲಿ ಕಾಣುವ ಪುಟ್ಟ ಪುಟ್ಟ ಮುದ್ರೆಗಳು ನಾಣ್ಯ ಚಲಾವಣೆಯಲ್ಲಿದ್ದಾಗ ಅದನ್ನು ಪರೀಕ್ಷಿಸಿ ಒಪ್ಪಿದ ಚಿನಿವಾರರವು ಎಂಬ ಅಭಿಪ್ರಾಯ ಬಹುಕಾಲದಿಂದ ಇದೆ. ಅರಸನ ಹೆಸರಿಲ್ಲದ ನಾಣ್ಯಕ್ಕೆ ವರ್ತಕನ ಮುದ್ರೆಯೇ ಹೊಣೆಯಾಗಿದ್ದಿರಬಹುದು.

ಮನೆ ಬಿಟ್ಟು ಹೋಗದ ಸೀಸ

ಕರ್ನಾಟಕದ ಸಂಗ್ರಹಾಲಯಗಳಲ್ಲಿ ಹೆಚ್ಚು ತಾಳ್ಮೆಯನ್ನು ಬೇಡುವುದೂ, ಅಷ್ಟೇ ಹೆಚ್ಚು ಪ್ರತಿಫಲವನ್ನು ಕೊಡುವುದೂ ಸೀಸದ ನಾಣ್ಯಗಳೇ. ಸಾತವಾಹನರ ಕಾಲದಲ್ಲಿಯೂ ಅವರ ನಂತರವೂ, ಅಂದರೆ ಕ್ರಿಸ್ತಶಕದ ಮೊದಲ ಮೂರು ಶತಮಾನಗಳಲ್ಲಿ, ದಖ್ಖನಿನ ಬಹುಭಾಗದಲ್ಲಿ ಸೀಸದ ನಾಣ್ಯಗಳು ನಡೆದವು. ಚಿನ್ನ ಬೆಳ್ಳಿಗಳು ಎಲ್ಲಿ ಹುಟ್ಟಿದರೂ ಎಲ್ಲಿಗೆ ಬೇಕಾದರೂ ಹೋಗುತ್ತವೆ; ಅವುಗಳ ಬೆಲೆ ಲೋಹದಲ್ಲಿಯೇ ಇದೆ. ಸೀಸದ ನಾಣ್ಯಕ್ಕೆ ಬೆಲೆ ಬರುವುದು ಅದನ್ನು ಒಪ್ಪಿಕೊಳ್ಳುವ ಜನರಿರುವ ಸೀಮೆಯೊಳಗೆ ಮಾತ್ರ. ಆದ್ದರಿಂದ ಸೀಸದ ನಾಣ್ಯ ಸಾಮಾನ್ಯವಾಗಿ ತನ್ನ ಸೀಮೆಯನ್ನು ಬಿಟ್ಟು ದೂರ ಹೋಗುವುದಿಲ್ಲ. ಅದು ದೊರೆತ ಸ್ಥಳವನ್ನು ಭೂಪಟದ ಮೇಲೆ ಗುರುತಿಸುತ್ತಾ ಹೋದರೆ ಅದನ್ನು ಹೊರಡಿಸಿದವನ ಅಧಿಕಾರದ ವ್ಯಾಪ್ತಿಯೇ ಮೂಡಿಬರುತ್ತದೆ.

ಎರಡು ಉದಾಹರಣೆಗಳನ್ನು ನೋಡಬಹುದು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ. ಎಚ್. ಕೃಷ್ಣ ಅವರು 1929ರ ಸುಮಾರಿನಲ್ಲಿ ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಬ್ರಹ್ಮಗಿರಿಯೊಂದಿಗೆ ಅದೇ ನೆಲೆಯನ್ನು ಮತ್ತೆ ಅಗೆಸಿದರು. ಚಿತ್ರದುರ್ಗ ಸೀಮೆಗೆ ವಿಶಿಷ್ಟವಾದ ಸೀಸದ ನಾಣ್ಯದ ಮುಂಭಾಗದಲ್ಲಿ ಡುಬ್ಬವುಳ್ಳ ಗೂಳಿ ಇದೆ, ಹಿಂಭಾಗದಲ್ಲಿ ಕಟಕಟೆಯೊಳಗಿನ ಮರ ಮತ್ತು ಕಮಾನುಗಳನ್ನು ಪೇರಿಸಿದಂತಿರುವ ಬೆಟ್ಟ. ಅಂಚಿನಲ್ಲಿ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ: 'ಸದಕಣ ಕಳಲಾಯ ಮಹಾರಠಿಸ'. ಕೊನೆಯ 'ಸ' ಷಷ್ಠೀ ವಿಭಕ್ತಿ. ಸದಕಣ ಕಳಲಾಯ ಮಹಾರಠಿಯ ನಾಣ್ಯ ಎಂದರ್ಥ. ಮಹಾರಠಿ ಎಂಬುದು ಅರಸನ ಬಿರುದಲ್ಲ, ಸಾತವಾಹನರ ಆಡಳಿತದಲ್ಲಿ ಕಂಡುಬರುವ ಒಂದು ಪ್ರಮುಖ ಪದವಿ. ತನ್ನ ಹೆಸರಿನಲ್ಲಿಯೇ ನಾಣ್ಯ ಹೊರಡಿಸುವಷ್ಟು ಪ್ರಬಲನಾಗಿದ್ದ ಅಧಿಕಾರಿಯೊಬ್ಬ ಚಿತ್ರದುರ್ಗದ ಸೀಮೆಯಲ್ಲಿದ್ದನೆಂಬುದಕ್ಕೆ ಈ ಸೀಸದ ತುಂಡುಗಳೇ ಆಧಾರ.

ಎರಡನೆಯದು ಕಾರವಾರ ಮತ್ತು ಬನವಾಸಿಯ ಕಡೆಯದು. ಅಲ್ಲಿನ ದಪ್ಪನೆಯ ಸೀಸದ ನಾಣ್ಯಗಳ ಮೇಲೂ ಕಮಾನುಗಳ ಬೆಟ್ಟ ಮತ್ತು ಕಟಕಟೆಯ ಮರಗಳಿವೆ. ಬರಹ ಮಾತ್ರ ಬೇರೆ: ಕೆಲವುಗಳಲ್ಲಿ 'ರಞೋ ಚುಟುಕುಲಾನಂದಸ', ಇನ್ನು ಕೆಲವುಗಳಲ್ಲಿ 'ರಞೋ ಮುಡಾನಂದಸ'. ಬೆಟ್ಟ ಮತ್ತು ಮರ ಎರಡೂ ಕಡೆ ಇರುವುದರಿಂದ ಚಿತ್ರವನ್ನಷ್ಟೇ ನೋಡಿದವರು ಈ ಎರಡು ಬಗೆಗಳನ್ನು ಸುಲಭವಾಗಿ ಬೆರೆಸಿಬಿಡುತ್ತಾರೆ. 'ಸಾತವಾಹನ' ಎಂದು ಸಗಟಾಗಿ ಬರೆದಿಟ್ಟ ಚೀಟಿಗಳ ಹಿಂದೆ ಅನೇಕ ವೇಳೆ ಈ ಬೆರಕೆಯೇ ಇರುತ್ತದೆ.

ಇಲ್ಲಿನ ತೊಡಕು ಓದುವಿಕೆಯದು. ಅಚ್ಚಿನ ಅಗಲ ನಾಣ್ಯದ ಬಿಲ್ಲೆಗಿಂತ ದೊಡ್ಡದಾಗಿದ್ದರೆ ಅಥವಾ ಅಚ್ಚು ಸ್ವಲ್ಪ ಓರೆಯಾಗಿ ಬಿದ್ದಿದ್ದರೆ ಅಂಚಿನ ಅಕ್ಷರಗಳಲ್ಲಿ ಮೂರೋ ನಾಲ್ಕೋ ಮಾತ್ರ ಲೋಹದ ಮೇಲೆ ಮೂಡಿರುತ್ತವೆ. ಒಂದು ನಾಣ್ಯದಲ್ಲಿ 'ರಞೋ ಚು' ಎಂಬಲ್ಲಿಗೆ ನಿಂತಿರುತ್ತದೆ, ಇನ್ನೊಂದರಲ್ಲಿ 'ಕುಲಾನಂ' ಮಾತ್ರ ಕಾಣುತ್ತದೆ, ಮತ್ತೊಂದರಲ್ಲಿ 'ದಸ'. ಬಿಡಿ ನಾಣ್ಯ ಅಸ್ಪಷ್ಟವೇ ಸರಿ. ಆದರೆ ಒಂದೇ ಬಗೆಯ ಹತ್ತು ನಾಣ್ಯಗಳನ್ನು ತಟ್ಟೆಯಲ್ಲಿಟ್ಟು, ಬೆಟ್ಟದ ಶಿಖರ ಮೇಲಕ್ಕೆ ಬರುವಂತೆ ಎಲ್ಲವನ್ನೂ ಒಂದೇ ದಿಕ್ಕಿಗೆ ತಿರುಗಿಸಿ, ಗಡಿಯಾರದ ಎಷ್ಟನೆಯ ಗಂಟೆಯ ಸ್ಥಾನದಲ್ಲಿ ಯಾವ ಅಕ್ಷರವಿದೆಯೆಂದು ಕಾಗದದ ಮೇಲೆ ಗುರುತಿಸುತ್ತಾ ಬಂದರೆ ಪೂರ್ಣ ಬರಹ ತಾನಾಗಿಯೇ ಕೂಡಿಬರುತ್ತದೆ. ಆ ನಂತರ ಮುರುಕು ನಾಣ್ಯದ ಎರಡೇ ಅಕ್ಷರವೂ ಸಾಕ್ಷಿಯಾಗುತ್ತದೆ. ಹತ್ತು ನಾಣ್ಯಗಳನ್ನು ಹತ್ತು ಕಡೆ ಹಂಚಿಬಿಟ್ಟರೆ ಈ ಕೆಲಸ ಸಾಧ್ಯವಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆತ ಅನೇಕ ನಿಧಿಗಳ ನಾಣ್ಯಗಳು ಮದರಾಸು, ಕಲ್ಕತ್ತ, ಲಂಡನ್ನುಗಳ ಸಂಗ್ರಹಗಳಿಗೆ ಚೆದುರಿಹೋದವು. ಕರಗಿಸುವ ಕುಲುಮೆಗೆ ಹೋದವುಗಳ ಲೆಕ್ಕ ಯಾರ ಬಳಿಯೂ ಇಲ್ಲ.

ಅಕ್ಷರವನ್ನು ಓದಿದ ಮಾತ್ರಕ್ಕೆ ಅರಸ ಗೊತ್ತಾದನೆಂದೂ ತಿಳಿಯುವಂತಿಲ್ಲ. ಇ. ಜೆ. ರ‍್ಯಾಪ್ಸನ್ ಅವರು 1908ರಲ್ಲಿ ಪ್ರಕಟವಾದ ಬ್ರಿಟಿಷ್ ಮ್ಯೂಸಿಯಮ್ಮಿನ ಆಂಧ್ರ ಮತ್ತು ಕ್ಷತ್ರಪ ನಾಣ್ಯಗಳ ಸೂಚಿಯಲ್ಲಿ ಚುಟುಕುಲಾನಂದ ಎಂಬುದನ್ನು 'ಚುಟು ಕುಲಕ್ಕೆ ಆನಂದವನ್ನುಂಟುಮಾಡುವವನು' ಎಂದು ಬಿಡಿಸಿದರು. ಹಾಗಾದರೆ ಅದು ಹೆಸರಲ್ಲ, ಬಿರುದು. ಒಬ್ಬನಿಗಿಂತ ಹೆಚ್ಚು ಅರಸರು ಅದನ್ನು ಧರಿಸಿರಬಹುದು. ಬನವಾಸಿ ಮತ್ತು ಮಳವಳ್ಳಿಯ ಪ್ರಾಕೃತ ಶಾಸನಗಳಲ್ಲಿ ಬರುವ ಚುಟುಕುಲಾನಂದ ಸಾತಕರ್ಣಿಗೂ ಒಂದು ನಿರ್ದಿಷ್ಟ ನಾಣ್ಯಕ್ಕೂ ನೇರವಾಗಿ ಗಂಟು ಹಾಕುವ ಮುನ್ನ ಅಕ್ಷರದ ಆಕಾರ, ತೂಕ, ದೊರೆತ ಸ್ತರ ಎಲ್ಲವನ್ನೂ ಪರಿಶೀಲಿಸಬೇಕಾಗುತ್ತದೆ. ಚೀಟಿಯ ಮೇಲೆ 'ಚುಟು ಮನೆತನ, ಬನವಾಸಿ ಪ್ರದೇಶ' ಎಂದು ಬರೆಯುವುದು ಹೆಚ್ಚು ಹೇಳಿದಂತಾಗದು. ಆದರೆ ಹೇಳಿದಷ್ಟೂ ನಿಜವಾಗಿರುತ್ತದೆ.

ರೋಮಿನಿಂದ ಯಶವಂತಪುರಕ್ಕೆ

ಗುರುತಿಸಲು ಇವುಗಳಿಗಿಂತ ಬಹಳ ಸುಲಭವಾದವು ಪರದೇಶದ ನಾಣ್ಯಗಳು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೋಮನ್ ಬೆಳ್ಳಿ ನಾಣ್ಯಗಳ, ಅಂದರೆ ದಿನಾರಿಯಸ್‌ಗಳ, ನಿಧಿಯೊಂದು ಸಿಕ್ಕಿತು. ನೂರೈವತ್ತಕ್ಕೂ ಹೆಚ್ಚಿದ್ದ ಅವುಗಳಲ್ಲಿ ಆಗಸ್ಟಸ್, ತಿಬೇರಿಯಸ್ ಮತ್ತು ಕ್ಲಾಡಿಯಸ್ ಚಕ್ರವರ್ತಿಗಳ ನಾಣ್ಯಗಳಿದ್ದವು. 1965ರಲ್ಲಿ ಬೆಂಗಳೂರಿನ ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿಯೂ ಇಂಥದೇ ನಿಧಿ ದೊರೆಯಿತು. ದಕ್ಷಿಣ ಭಾರತದ ನಿಧಿಗಳಲ್ಲಿ ಮತ್ತೆ ಮತ್ತೆ ಕಾಣುವ ಬಗೆಗಳು ಮುಖ್ಯವಾಗಿ ಎರಡು. ಆಗಸ್ಟಸನ ತಲೆಯ ಹಿಂಬದಿಯಲ್ಲಿ ಗುರಾಣಿ ಭರ್ಜಿಗಳನ್ನು ನಡುವೆ ಇಟ್ಟುಕೊಂಡು ನಿಂತ ಇಬ್ಬರು ತರುಣರಿದ್ದರೆ ಅವರು ಆತ ದತ್ತು ತೆಗೆದುಕೊಂಡ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್. ಈ ನಾಣ್ಯ ಹೊರಡಲಾರಂಭಿಸಿದ್ದು ಕ್ರಿ.ಪೂ. 2ರಲ್ಲಿ. ತಿಬೇರಿಯಸನ ತಲೆಯ ಹಿಂಬದಿಯಲ್ಲಿ ರಾಜದಂಡ ಹಿಡಿದು ಕುಳಿತ ಸ್ತ್ರೀಯೂ 'ಪಾಂಟಿಫ್ ಮ್ಯಾಕ್ಸಿಮ್' ಎಂಬ ಲ್ಯಾಟಿನ್ ಬರಹವೂ ಇದ್ದರೆ ಅದು ಎರಡನೆಯದು. ಈ ಎರಡನ್ನು ನೆನಪಿಟ್ಟುಕೊಂಡವರು ನಮ್ಮ ಸಂಗ್ರಹಾಲಯಗಳ ರೋಮನ್ ಬೆಳ್ಳಿಯ ಬಹುಪಾಲನ್ನು ಬರಿಗಣ್ಣಿನಿಂದಲೇ ಗುರುತಿಸಬಲ್ಲರು.

ಈ ಎರಡೇ ಬಗೆಗಳು ಇಷ್ಟೊಂದು ಪ್ರಮಾಣದಲ್ಲಿ ಏಕೆ ಬಂದವು ಎಂಬ ಪ್ರಶ್ನೆಗೆ ಉತ್ತರ ವ್ಯಾಪಾರದಲ್ಲಿದೆ. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ದಿನಾರಿಯಸ್‌ನ ತೂಕವನ್ನು ಇಳಿಸಿದನು. ಒಂದು ರೋಮನ್ ಪೌಂಡು ಬೆಳ್ಳಿಗೆ 84ರ ಬದಲು 96 ನಾಣ್ಯಗಳನ್ನು ಮಾಡಲಾಯಿತು, ಬೆಳ್ಳಿಯ ಶುದ್ಧತೆಯನ್ನೂ ತಗ್ಗಿಸಲಾಯಿತು. ಸಾಗರದಾಚೆ ಕುಳಿತ ನಮ್ಮ ವರ್ತಕರಿಗೆ ಚಕ್ರವರ್ತಿಯ ಮುಖದಿಂದ ಆಗಬೇಕಾದುದೇನೂ ಇರಲಿಲ್ಲ. ಅವರು ಬೆಳ್ಳಿಯನ್ನು ಕೊಳ್ಳುತ್ತಿದ್ದರು, ಆದ್ದರಿಂದ ಹಳೆಯ, ಭಾರವಾದ ನಾಣ್ಯಗಳಿಗೇ ಮನ್ನಣೆ. ರೋಮಿನ ಪ್ಲಿನಿ ತನ್ನ ಗ್ರಂಥದಲ್ಲಿ ಭಾರತವು ಪ್ರತಿವರ್ಷ ಐದು ಕೋಟಿ ಸೆಸ್ಟರ್ಸ್‌ಗಳನ್ನು ಸೆಳೆದುಕೊಳ್ಳುತ್ತಿದೆಯೆಂದು ಅಲವತ್ತುಕೊಂಡಿರುವುದು ಪ್ರಸಿದ್ಧವಾಗಿದೆ. ನಾಲ್ಕು ಸೆಸ್ಟರ್ಸ್‌ಗಳಿಗೆ ಒಂದು ದಿನಾರಿಯಸ್ ಎಂಬ ಲೆಕ್ಕದಲ್ಲಿ ಇದು ಒಂದೂಕಾಲು ಕೋಟಿ ದಿನಾರಿಯಸ್‌ಗಳಾಗುತ್ತದೆ. ಪ್ಲಿನಿಯ ಅಂಕಿಯನ್ನು ಅಕ್ಷರಶಃ ನಂಬಬೇಕಾಗಿಲ್ಲವಾದರೂ ಯಶವಂತಪುರದ ಮಡಕೆ ಆ ದೂರಿನ ಇನ್ನೊಂದು ತುದಿಯೆಂಬುದರಲ್ಲಿ ಅನುಮಾನವಿಲ್ಲ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ನಾಣ್ಯ ಹುಟ್ಟಿದ ವರ್ಷ ಬೇರೆ, ಅದನ್ನು ಹೂತ ವರ್ಷ ಬೇರೆ. ಆಗಸ್ಟಸನ ನಾಣ್ಯ ಸಿಕ್ಕಿತೆಂದು ಆ ನಿಧಿ ಆಗಸ್ಟಸನ ಕಾಲದ್ದೆನ್ನಲಾಗದು. ಅದರಲ್ಲಿರುವ ಅತ್ಯಂತ ಹೊಸ ನಾಣ್ಯ ಯಾವುದೋ ಅದಕ್ಕಿಂತ ಮೊದಲು ಹೂತಿರಲು ಸಾಧ್ಯವಿಲ್ಲ ಎಂದಷ್ಟೇ ಹೇಳಬಹುದು. ಕ್ಲಾಡಿಯಸನ ಆಳ್ವಿಕೆ ಕ್ರಿ.ಶ. 41ರಿಂದ 54ರವರೆಗೆ, ಯಶವಂತಪುರದ ನಿಧಿಯನ್ನು ಹೂತದ್ದು 41ಕ್ಕಿಂತ ಈಚೆಗೆ. ನಿಧಿಯಿಂದ ಒಂದೇ ಒಂದು ಹೊಸ ನಾಣ್ಯ ಕಳೆದುಹೋದರೂ ಈ ಲೆಕ್ಕ ಕೆಡುತ್ತದೆ.

ಮುದ್ರೆಯ ಮೇಲೆ ಮುದ್ರೆ

ಕೆಲವು ನಾಣ್ಯಗಳಲ್ಲಿ ಚಿತ್ರಗಳು ಒಂದರೊಳಗೊಂದು ಸಿಕ್ಕಿಕೊಂಡು ಕಣ್ಣಿಗೆ ಗೊಂದಲವಾಗುತ್ತದೆ. ಸವೆತವೆಂದು ಬದಿಗಿಡುವ ಮುನ್ನ ಅವುಗಳನ್ನು ಓರೆ ಬೆಳಕಿನಲ್ಲಿ ನೋಡಬೇಕು. 1906ರಲ್ಲಿ ನಾಸಿಕದ ಸಮೀಪದ ಜೋಗಲ್‌ಥೆಂಬಿಯಲ್ಲಿ ದೊರೆತ ಹದಿಮೂರು ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳ ನಿಧಿ ಇದಕ್ಕೆ ಶ್ರೇಷ್ಠ ನಿದರ್ಶನ. ಅವೆಲ್ಲ ಕ್ಷಹರಾತ ಅರಸ ನಹಪಾನನವು. ಆದರೆ ಒಂಬತ್ತು ಸಾವಿರಕ್ಕೂ ಹೆಚ್ಚು ನಾಣ್ಯಗಳ ಮೇಲೆ ಸಾತವಾಹನ ಗೌತಮೀಪುತ್ರ ಸಾತಕರ್ಣಿ ತನ್ನ ಮುದ್ರೆಯನ್ನು ಒತ್ತಿಸಿದ್ದನು. ಸೋತ ಅರಸನ ಹಣವನ್ನು ಕರಗಿಸದೆ, ಅದೇ ಬೆಳ್ಳಿಗೆ ಹೊಸ ಹೊಣೆಗಾರನನ್ನು ಸೇರಿಸಿದ ಕ್ರಮವಿದು. ಯಾವ ಮುದ್ರೆ ಕೆಳಗಿದೆ, ಯಾವುದು ಮೇಲಿದೆ ಎಂಬುದೊಂದರಿಂದಲೇ ಇಬ್ಬರು ಅರಸರಲ್ಲಿ ಯಾರು ಮೊದಲಿಗನೆಂಬುದು ನಿರ್ಣಯವಾಗಿಬಿಟ್ಟಿತು.

ಒಂದೇ ಶಿವಪಾರ್ವತಿ, ಬೇರೆ ಬೇರೆ ಅರಸರು

ಪ್ರಾಚೀನ ಕಾಲವನ್ನು ದಾಟಿ ಈಚೆಗೆ ಬಂದರೆ ಅಕ್ಷರಗಳು ಸ್ಪಷ್ಟವಾಗುತ್ತವೆ, ಕೆಲಸ ಹಗುರವಾಗುತ್ತದೆ ಎಂಬ ಭಾವನೆಯಿದೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯದ ಮಟ್ಟಿಗೆ ಅದು ನಿಜ. 'ಶ್ರೀ ತಳಕಾಡುಗೊಂಡ' ಎಂಬ ಕನ್ನಡ ಬರಹವೇ ಅದರ ಮೇಲಿದೆ. ತಲಕಾಡು ಚೋಳರಿಂದ ಆತನ ಕೈಗೆ ಬಂದದ್ದು 1116ರ ಸುಮಾರಿಗಾದ್ದರಿಂದ ನಾಣ್ಯ ಅದರ ನಂತರದ್ದು. ಇಷ್ಟು ನೇರವಾಗಿ ಮಾತನಾಡುವ ನಾಣ್ಯಗಳು ಹೆಚ್ಚಿಲ್ಲ.

ಹಳೆಯ ಮೈಸೂರು ಮತ್ತು ಮಲೆನಾಡಿನ ಸಂಗ್ರಹಗಳಲ್ಲಿ ತಪ್ಪು ಚೀಟಿ ಅಂಟಿಸಿಕೊಳ್ಳುವ ಸಾಧ್ಯತೆ ಹೆಚ್ಚಾಗಿರುವುದು ಉಮಾಮಹೇಶ್ವರ ಮಾದರಿಯ ವರಹಕ್ಕೆ. ಮುಂಭಾಗದಲ್ಲಿ ಅಕ್ಕಪಕ್ಕ ಕುಳಿತ ಶಿವಪಾರ್ವತಿಯರು, ತೂಕ 3.4 ಗ್ರಾಂ. ಇದನ್ನು ಹೊರಡಿಸಿದವನು ವಿಜಯನಗರದ ಎರಡನೆಯ ಹರಿಹರ. ಹಿಂಭಾಗದಲ್ಲಿ ನಾಗರಿ ಲಿಪಿಯಲ್ಲಿ 'ಶ್ರೀ ಪ್ರತಾಪ ಹರಿಹರ' ಎಂದಿರುತ್ತದೆ. ಹದಿನಾರನೆಯ ಶತಮಾನದಲ್ಲಿ ಕೆಳದಿಯ ನಾಯಕರು ಅದೇ ಚಿತ್ರವನ್ನು ತಮ್ಮ ಇಕ್ಕೇರಿ ವರಹಕ್ಕೆ ತೆಗೆದುಕೊಂಡು ಹಿಂಭಾಗದಲ್ಲಿ 'ಶ್ರೀ ಸದಾಶಿವ' ಎಂದು ನಾಗರಿಯಲ್ಲಿ ಬರೆಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಅಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಭಾಗದಲ್ಲಿ ಚುಕ್ಕೆಗಳ ನಡುವೆ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವೊಂದನ್ನು ಮಾತ್ರ ಇರಿಸಿದನು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿಯೂ ಮುಂಭಾಗ ಅದೇ, ಹಿಂಭಾಗದಲ್ಲಿ 'ಶ್ರೀ ಕೃಷ್ಣರಾಜ'. ಹೀಗೆ ನಾಲ್ಕು ನೂರು ವರ್ಷಗಳ ಅವಧಿಯಲ್ಲಿ ನಾಲ್ಕು ಪ್ರಭುತ್ವಗಳು ಒಂದೇ ಮುಖದಿಂದ ಹಣ ಹೊರಡಿಸಿದವು.

ಧರ್ಮ ಬೇರೆಯಾದ ದೊರೆಯೂ ಹಳೆಯ ಚಿತ್ರವನ್ನು ಏಕೆ ಉಳಿಸಿಕೊಂಡನೆಂಬುದು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ಮೆಣಸು ಅಡಿಕೆಗಳ ಪೇಟೆ ಆ ವರಹವನ್ನು ನೋಡಿ ಎಣಿಸಿಕೊಂಡು ಅಭ್ಯಾಸವಾಗಿತ್ತು. ಚಲಾವಣೆಯಲ್ಲಿ ನಂಬಿಕೆ ಗಳಿಸಿದ ಮುಖವನ್ನು ಬದಲಿಸಿದರೆ ಬಟ್ಟದ ನಷ್ಟವನ್ನು ಹೊರಬೇಕಾದವನು ಹೊರಡಿಸಿದವನೇ. ನಾಣ್ಯವನ್ನು ಗುರುತಿಸುವವರಿಗೆ ಇದರಿಂದ ದೊರೆಯುವ ಪಾಠ ಬೇರೆ: ಇಂಥ ವರಹದ ಮುಂಭಾಗ ಏನನ್ನೂ ನಿರ್ಣಯಿಸುವುದಿಲ್ಲ, ಹಿಂಭಾಗವನ್ನು ಓದಲೇಬೇಕು. ಗಾಜಿನ ಪೆಟ್ಟಿಗೆಯಲ್ಲಿ ಮುಂಭಾಗವನ್ನು ಮಾತ್ರ ಮೇಲೆ ಮಾಡಿ ಅಂಟಿಸಿದ ನಾಣ್ಯಗಳು ಈ ದೃಷ್ಟಿಯಿಂದ ನಿರುಪಯುಕ್ತ.

ಓದಿದರೂ ಇನ್ನೊಂದು ಬಲೆ ಇದೆ. ವಿಜಯನಗರದಲ್ಲಿ ಕೃಷ್ಣದೇವರಾಯ, ಅಚ್ಯುತರಾಯರ ತರುವಾಯ ಸದಾಶಿವರಾಯನೆಂಬ ಅರಸನಿದ್ದನು. ಆತನ ನಾಣ್ಯಗಳಲ್ಲಿಯೂ ಸದಾಶಿವ ಎಂಬ ಪದವಿದೆ. ಸವೆದ ನಾಣ್ಯದಲ್ಲಿ ನಡುಸಾಲಿನ ಆ ಪದವಷ್ಟೇ ಉಳಿದಿದ್ದರೆ ಅದು ವಿಜಯನಗರದ್ದೋ ಇಕ್ಕೇರಿಯದ್ದೋ? ಮೇಲಿನ ಸಾಲಿನಲ್ಲಿ 'ಪ್ರತಾಪ' ಎಂಬುದರ ಕುರುಹು, ಕೆಳಗಿನ ಸಾಲಿನಲ್ಲಿ 'ರಾಯ' ಎಂಬುದರ ಕುರುಹು ಇದೆಯೇ ಎಂದು ಹುಡುಕಬೇಕು. ಇದ್ದರೆ ವಿಜಯನಗರ. ಸಮಕಾಲೀನರೂ ಒಡೆಯ ಸಾಮಂತರೂ ಆದ ಇಬ್ಬರು ಸದಾಶಿವರನ್ನು ಬೇರ್ಪಡಿಸುವುದು ಈ ಎರಡು ಸಣ್ಣ ಪದಗಳೇ.

ಆನೆಯ ವಿಷಯವೂ ಹೀಗೆಯೇ. ಆನೆಯ ಚಿತ್ರವಿರುವ ತಾಮ್ರದ ಕಾಸೆಲ್ಲ ಟಿಪ್ಪು ಸುಲ್ತಾನನದೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ವಿಜಯನಗರದ ಎರಡನೆಯ ದೇವರಾಯನ ತಾಮ್ರದಲ್ಲಿ ಆನೆ ಇದೆ, ಮುಮ್ಮಡಿ ಕೃಷ್ಣರಾಜರ ತಾಮ್ರದಲ್ಲಿಯೂ ಇದೆ. ಟಿಪ್ಪುವಿನದಾದರೆ ಪರ್ಷಿಯನ್ನಿನಲ್ಲಿ ಪಟ್ಟಣ, ನಗರ, ಬೆಂಗಳೂರು ಮೊದಲಾದ ಟಂಕಸಾಲೆಯ ಹೆಸರಿರುತ್ತದೆ. 1787ರಿಂದ ಈಚಿನವುಗಳಲ್ಲಿ ಆತ ಬಳಕೆಗೆ ತಂದ ಮೌಲೂದಿ ಶಕೆಯ 1215 ಮೊದಲಾದ ವರ್ಷಗಳನ್ನು ಬಲದಿಂದ ಎಡಕ್ಕೆ ಬರೆದಿರಲಾಗುತ್ತದೆ; ಇದನ್ನು ತಿಳಿಯದೆ 5121 ಎಂದು ಓದಿ ಕಂಗೆಟ್ಟವರಿದ್ದಾರೆ.

ಹುಣಿಸೆಹಣ್ಣಿನಿಂದಾಗುವ ನಷ್ಟ

ಸಂಗ್ರಹಾಲಯಕ್ಕೆ ಬರುವ ನಾಣ್ಯಗಳಲ್ಲಿ ಓದಲಾಗದಂತೆ ಹಾಳಾದವುಗಳನ್ನು ಹಾಳುಮಾಡಿದ್ದು ಎಲ್ಲ ವೇಳೆಯೂ ಕಾಲವಲ್ಲ. ಸಿಕ್ಕಿದವರು ಹುಣಿಸೆಹಣ್ಣು, ನಿಂಬೆರಸ, ಬೂದಿ ಹಚ್ಚಿ ಥಳಥಳ ಹೊಳೆಯುವವರೆಗೆ ಉಜ್ಜುತ್ತಾರೆ. ತಾಮ್ರದ ನಾಣ್ಯದ ಅಕ್ಷರಗಳು ಅನೇಕ ವೇಳೆ ಉಳಿದಿರುವುದು ಲೋಹದಲ್ಲಲ್ಲ, ಲೋಹದ ಮೇಲೆ ಗಟ್ಟಿಯಾಗಿ ಕುಳಿತ ಹಸಿರು ಕಂದು ಪದರದಲ್ಲಿ. ಹುಳಿ ಆ ಪದರವನ್ನೇ ಕರಗಿಸುತ್ತದೆ. ಹೊಳಪು ಬರುತ್ತದೆ, ಅರಸ ಹೋಗುತ್ತಾನೆ. ಇದಕ್ಕೆ ವಿರುದ್ಧವಾಗಿ ತೆಳು ಹಸಿರು ಬಣ್ಣದ ಪುಡಿ ಉದುರುತ್ತಿರುವ ತಾಮ್ರದ ನಾಣ್ಯ ರೋಗಿಷ್ಠ. ಅದನ್ನು ಉಳಿದವುಗಳಿಂದ ಬೇರ್ಪಡಿಸಿ ಒಣ ಸ್ಥಳದಲ್ಲಿರಿಸಿ ಸಂರಕ್ಷಣಾ ತಜ್ಞರಿಗೆ ಒಪ್ಪಿಸಬೇಕು. ಸೀಸದ ನಾಣ್ಯಕ್ಕೆ ಶತ್ರು ಮರದ ಕಪಾಟು. ಮರದಿಂದಲೂ ಪ್ಲೈವುಡ್ಡಿನಿಂದಲೂ ಹೊರಡುವ ಆಮ್ಲದ ಆವಿ ಸೀಸವನ್ನು ಬಿಳಿಯ ಪುಡಿಯಾಗಿಸುತ್ತದೆ. ಎರಡು ಸಾವಿರ ವರ್ಷ ಮಣ್ಣಿನಲ್ಲಿ ಉಳಿದ ಚುಟು ನಾಣ್ಯ ಕೆಲವೇ ದಶಕಗಳ ಕಾಲ ಚೆಂದದ ತೇಗದ ಪೆಟ್ಟಿಗೆಯಲ್ಲಿದ್ದು ಕರಗಿಹೋಗುವುದು ಸಾಧ್ಯ. ಲೋಹದ ಕಪಾಟು, ಆಮ್ಲರಹಿತ ಕಾಗದದ ಲಕೋಟೆ ಇವು ದುಬಾರಿಯೇನಲ್ಲ.

ಖೋಟಾ ನಾಣ್ಯಗಳ ಸಂಗತಿಯನ್ನೂ ಇಲ್ಲಿ ಹೇಳಬೇಕಾಗುತ್ತದೆ. ಹಳೆಯ ನಾಣ್ಯಗಳಿಗೆ ಮಾರುಕಟ್ಟೆ ಬೆಳೆದಂತೆ ಅವುಗಳ ನಕಲೂ ಬೆಳೆದಿದೆ. ಅಚ್ಚಿನಿಂದ ಹೊಡೆದ ನಾಣ್ಯದ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿನ ಅಕ್ಷರ ಸಾಬೂನಿನಂತೆ ಮೃದುವಾಗಿ, ಮೇಲ್ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳಿರುತ್ತವೆ, ಅಂಚಿನ ಸುತ್ತ ಎರಕದ ಗೆರೆಯನ್ನು ಉಜ್ಜಿ ಅಳಿಸಿದ ಗುರುತಿರುತ್ತದೆ. ಎರಡು ನಾಣ್ಯಗಳು ಸವೆತದ ಗೀರಿನವರೆಗೂ ಒಂದೇ ಆಗಿದ್ದರೆ ಅವು ಒಂದೇ ಪಡಿಯಚ್ಚಿನಿಂದ ಬಂದವೆಂದು ತಿಳಿಯಬಹುದು. ಕಾರ್ಷಾಪಣಗಳು ಮಾತ್ರ ಈ ಪರೀಕ್ಷೆಯಲ್ಲಿ ಕೆಲವೊಮ್ಮೆ ತಜ್ಞರನ್ನೂ ಸೋಲಿಸುತ್ತವೆ.

ಪೇಟೆಯ ಹಳೆಯ ಮಳಿಗೆಗಳಲ್ಲಿ, ಮನೆತನದ ಗಲ್ಲಾಪೆಟ್ಟಿಗೆಗಳಲ್ಲಿ, ದೇವರ ಕೋಣೆಯ ಕರಡಿಗೆಗಳಲ್ಲಿ ಇಂಥ ನಾಣ್ಯಗಳು ಇಂದಿಗೂ ಇವೆ. ಅಡಿಪಾಯ ತೋಡುವಾಗ ಸಿಕ್ಕ ನಿಧಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 1878ರ ಭಾರತೀಯ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ದೊರೆತವರು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸತಕ್ಕದ್ದು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯು ನೂರು ವರ್ಷಕ್ಕೂ ಹಳೆಯದಾದ ನಾಣ್ಯವನ್ನು ಪ್ರಾಚ್ಯವಸ್ತುವೆಂದು ಪರಿಗಣಿಸುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ, ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ರಫ್ತು ವ್ಯವಹಾರದಲ್ಲಿರುವವರು ಸ್ನೇಹಕ್ಕಾಗಿ ಕೊಟ್ಟ ಕಾಣಿಕೆಯೆಂದು ವರಹವೊಂದನ್ನು ಪಾರ್ಸೆಲಿನಲ್ಲಿ ಸೇರಿಸಿದರೂ ಅದು ಅಪರಾಧವೇ ಆಗುತ್ತದೆ.

ಮನೆತನದ ನಾಣ್ಯವನ್ನು ಗುರುತಿಸಿಕೊಳ್ಳಬಯಸುವವರು ಅದನ್ನು ತೊಳೆಯದೆ, ಅಂಚನ್ನು ಮಾತ್ರ ಹಿಡಿದು, ಎರಡೂ ಮುಖಗಳ ಛಾಯಾಚಿತ್ರವನ್ನು ಅಳತೆಪಟ್ಟಿಯೊಂದಿಗೆ ತೆಗೆಸಬೇಕು. ನೂರನೆಯ ಒಂದು ಗ್ರಾಮಿನವರೆಗಿನ ತೂಕ, ಮಿಲಿಮೀಟರಿನಲ್ಲಿ ಅಗಲ, ಮುಂಭಾಗವನ್ನು ನೇರವಾಗಿರಿಸಿ ತಿರುವಿದಾಗ ಹಿಂಭಾಗದ ತಲೆ ಗಡಿಯಾರದ ಎಷ್ಟನೆಯ ಗಂಟೆಯ ಕಡೆಗಿದೆ ಎಂಬ ವಿವರ, ಇವುಗಳನ್ನು ಬರೆದು ಸಮೀಪದ ಸರ್ಕಾರಿ ಸಂಗ್ರಹಾಲಯಕ್ಕೆ ಒಯ್ಯುವುದು ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಯಾವ ಊರಿನ ಯಾವ ಹೊಲದಲ್ಲಿ ಅಥವಾ ಯಾವ ಮನೆಯ ಅಡಿಪಾಯದಲ್ಲಿ ಸಿಕ್ಕಿತೆಂದು ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕು. ತೂಕವನ್ನು ನಾಳೆಯೂ ತೂಗಬಹುದು, ಅಕ್ಷರವನ್ನು ಮುಂದಿನ ತಲೆಮಾರಿನವರೂ ಓದಬಹುದು. ಊರಿನ ಹೆಸರು ನೆನಪಿರುವುದು ಸಾಮಾನ್ಯವಾಗಿ ಮನೆಯ ಒಬ್ಬಿಬ್ಬರು ವೃದ್ಧರಿಗೆ ಮಾತ್ರ.